ಬೆರಳ ಸಂದಿಯ ಹೋಳಿಗೆ

ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ ಬೇಡ ಎಂದರೆ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದು ಮರ್ಯಾದೆಗೆ ಆಡುವ ಮಾತು. ಬೀಗರಾದವರು ಹೋಳಿಗೆಯ ಬುಟ್ಟಿ ಕಂಡ ಕೂಡಲೇ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು. ಬಡಿಸುವವನು ಆಣೆ ಇಡಬೇಕು. ಇವರು ಮುಖ ಕಿವುಚಬೇಕು, ಅವನು ತೀರಿಕೊಂಡ ಹಿರಿಯರ ಹೆಸರು ತೆಗೆಯಬೇಕು, ಕೊನೆಗೆ ನಿಮ್ಮ ಸಲುವಾಗಿ ಒಂದೇ ಒಂದು ಎನ್ನುತ್ತ ಇವರು ಎರಡು ತಿನ್ನಬೇಕು. ಇಷ್ಟು ನಡೆಯದೆ ಸುಮ್ಮನೆ ಹಾಕಿಸಿಕೊಂಡು ತಿಂದವನನ್ನು ಉಪವಾಸ ಬಿದ್ದು ಬಂದವನೆಂದು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಇಂಥ ಸೀಮೆಯಲ್ಲಿ ಒತ್ತಾಯದ ಬಡಿಸುವಿಕೆಗೆ ಹೆಸರಾದವನು ನನ್ನ ತಂಗಿ ಸುನಂದಾಳ ಗಂಡ ಮೌನೇಶ.

ಹೆಸರು ಮೌನೇಶ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಹುಟ್ಟಿದ್ದು ಕುರ್ಡಿಯಲ್ಲಿ, ಸಂಸಾರ ಮಾನ್ವಿಯಲ್ಲಿ. ವಿರೂಪಣ್ಣ ಸಾವ್ಕಾರರ ಅಕ್ಕಿ ಮಿಲ್ಲಿನಲ್ಲಿ ತುಂಬಿದ ಚೀಲಗಳ ಬಾಯಿ ಹೊಲಿಯುವುದು ಅವನ ಹೊಟ್ಟೆಪಾಡು. ಜೀವ ಇದ್ದದ್ದು ಮಾತ್ರ ಬಡಿಸುವುದರಲ್ಲಿ. ಸುತ್ತಲಿನ ಯಾವ ಲಗ್ನವಿರಲಿ, ಮನೆಯವರು ಅಡುಗೆಯ ಭಟ್ಟಿಯವನನ್ನು ಗೊತ್ತು ಮಾಡುವ ಮೊದಲು ಮೌನೇಶನಿಗೆ ಹೇಳಿ ಕಳಿಸುತ್ತಿದ್ದರು. ಅವನು ಒಬ್ಬರಿಗೂ ಬೈದು ಬಡಿಸಿದ್ದಿಲ್ಲ, ಒಬ್ಬರನ್ನೂ ಬಿಟ್ಟದ್ದೂ ಇಲ್ಲ. ನಾನು ರಾಯಚೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವವಳು. ಅವನು ಬಡಿಸಿದ ಲಗ್ನಗಳಿಂದಾಗಿ ನನ್ನ ಕುಪ್ಪಸಗಳನ್ನೇ ಎಷ್ಟು ಸಲ ಬಿಚ್ಚಿ ದೊಡ್ಡದು ಮಾಡಿದ್ದೇನೋ ದೇವರಿಗೆ ಗೊತ್ತು.

ಅವನ ವಿದ್ಯೆಯ ಗುಟ್ಟನ್ನು ಒಮ್ಮೆ ನನಗೇ ಹೇಳಿಕೊಟ್ಟಿದ್ದ.

"ನೋಡ್ರೀ ಅಕ್ಕಾರ, ಖರೇನ ಹೊಟ್ಟಿ ತುಂಬಿದವರು ಬೆರಳು ಗಟ್ಟಿ ಕೂಡಿಸಿ ಎಲಿ ಮುಚ್ಚತಾರ. ಇನ್ನೂ ಆಸಿ ಇದ್ದವರ ಬೆರಳ ಸಂದ್ಯಾಗ ಎಲಿ ಕಾಣಸ್ತದ. ಸಂದಿ ಕಂಡ್ರ ಬಿಡಬಾರದು."

ಅಂದಿನಿಂದ ನಾನು ಅವನ ಮುಂದೆ ಬೆರಳು ಬಿಗಿಯಾಗಿ ಕೂಡಿಸಿ ಕೂರತೊಡಗಿದೆ. ಆದರೂ ಹಾಕಿದ. "ನೀವು ಕಲ್ತು ಮುಚ್ಚೀರಿ, ಅದು ಲೆಕ್ಕಕ್ಕಿಲ್ಲ" ಅಂದ. ಅವನ ಜೊತೆ ವಾದ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ಕೆಲವು ವರ್ಷಗಳ ಹಿಂದೆ ಎಲೆಗಳು ಅವನ ಜೊತೆ ಮಾತಾಡತೊಡಗಿದವು. ಇವತ್ತು ನಗುನಗುತ್ತ ಹೇಳುತ್ತಿದ್ದೇನೆ, ಆಗ ನಮ್ಮ ಮನೆಯಲ್ಲಿ ಯಾರಿಗೂ ನಗು ಬಂದಿರಲಿಲ್ಲ. ಎಲೆಯ ತುದಿಯಲ್ಲಿ ಉಪ್ಪು ಎಲ್ಲಿ ಬಿತ್ತು ಎನ್ನುವುದರಲ್ಲಿ ಅವನಿಗೊಂದು ಸುದ್ದಿ ಇರುತ್ತಿತ್ತು. ಉಂಡವರು ಎಲೆಯನ್ನು ಯಾವ ಕಡೆಗೆ ಮಡಚಿದರು ಎನ್ನುವುದರಲ್ಲಿ ಇನ್ನೊಂದು. ಟ್ಯೂಬ್‌ಲೈಟು ಮಿಣುಕಿದರೆ ಯಾರೋ ಯಾರಿಗೋ ಸನ್ನೆ ಮಾಡಿದ ಹಾಗೆ. ಮಿಲ್ಲಿನ ಯಂತ್ರ ಅವನ ಹೆಸರು ಹಿಡಿದು ಕರೆಯುತ್ತಿತ್ತಂತೆ. ಮಟಮಾರಿಯ ಒಂದು ಲಗ್ನದಲ್ಲಿ, ಊಟದಲ್ಲಿ ವಿಷ ಬೆರೆತಿದೆ ಎಂದು ಕಿವಿಯಲ್ಲಿ ಒಂದು ದನಿ ಹೇಳಿತೆಂದು, ಉಣ್ಣುತ್ತ ಕೂತವರ ಮುಂದಿನ ಎಲೆಗಳನ್ನು ಕಿತ್ತು ಕಿತ್ತು ಒಗೆದ. ಪಾಪ, ಅವರನ್ನೆಲ್ಲ ಉಳಿಸಬೇಕೆಂದೇ ಮಾಡಿದ್ದು. ಅವರು ಮಾತ್ರ ಅದಕ್ಕೆ ಉಪಕಾರ ಸ್ಮರಿಸಲಿಲ್ಲ.

ಅಂದು ಮಾನ್ವಿಗೆ ಬಂದವನೇ ಮಿಲ್ಲಿನ ಹಿಂದಿನ ಭತ್ತದ ಹೊಟ್ಟಿನ ರಾಶಿಯಲ್ಲಿ ಅಡಗಿಕೊಂಡು ಕೂತುಬಿಟ್ಟ. ಸುನಂದಾ ಹುಡುಕಿ ಹುಡುಕಿ, ಕೊನೆಗೆ ಹೊಟ್ಟಿನಲ್ಲಿ ಕತ್ತಿನ ತನಕ ಹೂತುಕೊಂಡು ನಡುಗುತ್ತಿದ್ದ ಗಂಡನನ್ನು ಕೈ ಹಿಡಿದು ಎಬ್ಬಿಸಿದಳು. ಆಮೇಲೆ ಎಲ್ಲರ ಮಾತು ಕೇಳಿದ್ದಾಯಿತು: ಒಬ್ಬರು ಅಮಾವಾಸ್ಯೆ ಅಂದರು, ಒಬ್ಬರು ದರ್ಗಾದ ದಾರ ಅಂದರು, ಒಬ್ಬರು ಮನೆಯ ಬಾಗಿಲು ಬದಲಿಸಿ ಅಂದರು. ಬಾಗಿಲೊಂದನ್ನು ಬಿಟ್ಟು ಎಲ್ಲ ಮಾಡಿ ಸುನಂದಾ ಅವನನ್ನು ನನ್ನ ಮನೆಗೆ ಕರೆತಂದಳು. ರಾಯಚೂರಿನ ಮನೋವೈದ್ಯೆ ಡಾಕ್ಟರ್ ವಾಹಿದಾ ಅವನ ಹತ್ತಿರ ಬಹಳ ಹೊತ್ತು ಮಾತಾಡಿದರು. ಇದಕ್ಕೆ ಸ್ಕಿಜೋಫ್ರೇನಿಯಾ ಎನ್ನುತ್ತಾರೆ, ಬಿಪಿ ಸಕ್ಕರೆಯ ಹಾಗೆ ಇದೂ ಒಂದು ಬೇನೆ, ಗುಳಿಗೆ ಬಿಡದೆ ನುಂಗಬೇಕು ಎಂದರು. ನುಂಗಿದ. ನಿಧಾನಕ್ಕೆ ಎಲೆಗಳು ಬಾಯಿ ಮುಚ್ಚಿಕೊಂಡವು. ಒಳ್ಳೆಯ ಮನಸ್ಸಿನ ವಿರೂಪಣ್ಣ ಅವನ ಕೆಲಸ ಹಾಗೇ ಇಟ್ಟಿದ್ದರು. ನಾನು ಸಂತೋಷಕ್ಕೆ ಓಣಿಗೆಲ್ಲ ಪೇಢೆ ಹಂಚಿದೆ.

ಎಲೆಗಳ ಜೊತೆಗೆ ಮೌನೇಶನೂ ಬಾಯಿ ಮುಚ್ಚಿಕೊಂಡದ್ದು ತಿಳಿಯಲು ಸ್ವಲ್ಪ ಕಾಲ ಹಿಡಿಯಿತು.

ಮಿಲ್ಲಿಗೆ ಹೋಗುತ್ತಿದ್ದ, ಬರುತ್ತಿದ್ದ, ಕಟ್ಟೆಯ ಮೇಲೆ ಕೂರುತ್ತಿದ್ದ. ಚಹಾ ಬೇಕೇನು ಎಂದರೆ "ಕೊಟ್ರ ಕುಡೀತೀನಿ". ಊಟ ಮಾಡುತ್ತೀರೇನು ಎಂದರೆ "ಹಾಕಿದ್ರ ಉಣ್ತೀನಿ". ಬಂಧುಬಳಗಕ್ಕೆ ಇದು ಬಹಳ ಹಿಡಿಸಿತು. ಎಷ್ಟು ಸುಧಾರಿಸಿದ್ದಾನೆ, ಹೆಸರಿಗೆ ತಕ್ಕ ಮನುಷ್ಯನಾದ ಎಂದು ಮೆಚ್ಚಿದರು. ಓಣಿಯ ಹೆಂಗಸರಂತೂ ಒಬ್ಬೊಬ್ಬರೇ ಸುನಂದಾಳನ್ನು ಬದಿಗೆ ಕರೆದು ಆ ಗುಳಿಗೆಯ ಹೆಸರು ಕೇಳತೊಡಗಿದರು. "ಒಂದು ಕೊಡವಾ, ನಮ್ಮನಿಯವ್ರಿಗೆ ಸಾರಿನಾಗ ಹಾಕಿ ನೋಡತೀನಿ" ಎಂದವಳ ಮೇಲೆ ಸುನಂದಾ ನಳದ ಕೊಡ ಎತ್ತಿದ್ದಳು. ಎತ್ತಿದ್ದು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ.

ಅವನು ಡಾಕ್ಟರಮ್ಮನ ಹತ್ತಿರ ಪರೀಕ್ಷೆಗೆಂದು ರಾಯಚೂರಿಗೆ ಬಂದಾಗ ನಾನು ಹೋಳಿಗೆ ಮಾಡಿ ಮುಂದಿಟ್ಟೆ. ಒಂದು ತಿಂದು ಸುಮ್ಮನೆ ಕೂತ.

"ಯಾಕ, ರುಚಿ ಹತ್ತಲಿಲ್ಲೇನು?"

"ರುಚಿ ಅದ್ರೀ ಅಕ್ಕಾರ. ಬಾಯಾಗ ಇಟ್ಟ್ರ ಸಿಹಿನ ಹತ್ತತದ. ಆದ್ರ ಇಡಬೇಕು ಅಂತ ಕೈ ಏಳೂದಿಲ್ಲ."

ಇಷ್ಟು ಹೇಳಿ ಮತ್ತೆ ಗೋಡೆ ನೋಡಿದ. ನನಗೆ ಅಳು ಬಂತು, ಸಿಟ್ಟೂ ಬಂತು. ನಾನು ಸಿಟ್ಟನ್ನೇ ಆರಿಸಿಕೊಂಡು ಪಾತ್ರೆ ಜೋರಾಗಿ ಕುಕ್ಕುತ್ತ ತೊಳೆದೆ.

ಆ ಹೊತ್ತಿಗೇ ವಿರೂಪಣ್ಣನವರ ಮಗಳು ಅನುರಾಧಾಳ ಲಗ್ನ ಗೊತ್ತಾಯಿತು. ವರನ ಕಡೆಯವರು ದೇವದುರ್ಗದ ದೊಡ್ಡ ವ್ಯಾಪಾರಸ್ಥರು. ಬಡಿಸುವವರ ಮುಂದಾಳು ಮೌನೇಶನೇ ಆಗಬೇಕು ಎಂದು ಸಾವ್ಕಾರರು ಹಟ ಹಿಡಿದರು. "ಕೈಯಾಗ ಬುಟ್ಟಿ ಬಂದ್ರ ಮನಿಷಾ ತಾನ ಎಚ್ಚರ ಆಗ್ತಾನ" ಅಂದರು. ಸುನಂದಾಳಿಗೂ ಅದೇ ಆಸೆ. ಹೊಸ ಧೋತರ ಉಡಿಸಿ, ಹಣೆಗೆ ವಿಭೂತಿ ಬಳಿದು, ಮಗುವನ್ನು ಶಾಲೆಗೆ ಬಿಟ್ಟ ಹಾಗೆ ಪೆಂಡಾಲಿನ ಬಾಗಿಲ ತನಕ ಬಿಟ್ಟುಬಂದಳು.

ಮೊದಲ ಪಂಕ್ತಿ ಪೂರಾ ದೇವದುರ್ಗದ ಬೀಗರು. ಸಾಲಿನ ಮೊದಲಿಗೆ ಕೂತವಳು ವರನ ಅಜ್ಜಿ ಮುದುಕಮ್ಮ, ಊಟದ ಉಪಚಾರದಲ್ಲಿ ಕೊಂಕು ತೆಗೆಯುವುದರಲ್ಲಿ ಪಳಗಿದವಳು. ಮೌನೇಶ ಹೋಳಿಗೆ ಹಿಡಿದು ಬಂದ. ಮುದುಕಮ್ಮ ರೂಢಿಯಂತೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಬ್ಯಾಡಪಾ, ಸಾಕು" ಅಂದಳು. ಇನ್ನೂ ಒಂದು ಚೂರೂ ಬಿದ್ದಿರಲಿಲ್ಲ.

ಮೌನೇಶ "ಹೂಂ" ಅಂದು ಮುಂದಿನ ಎಲೆಗೆ ಹೋದ.

ಅಲ್ಲಿಯೂ ಸಾಕು ಎಂದರು. ಅಲ್ಲಿಂದಲೂ ಹೋದ. ಅವನೇ ಮುಂದಾಳಾದ್ದರಿಂದ ಹಿಂದೆ ಬಂದ ಪಲ್ಯದವನು, ತುಪ್ಪದವನು, ಅನ್ನದವನು ಎಲ್ಲರೂ ಅವನ ಹಾಗೇ ಒಮ್ಮೆ ಕೇಳಿ, ಸಾಕೆಂದರೆ ಸರಿದು, ಮೆರವಣಿಗೆಯಂತೆ ಹೊರಟುಹೋದರು. ನಾನು ಎದುರು ಪಂಕ್ತಿಯಲ್ಲಿದ್ದೆ. ಮುದುಕಮ್ಮನ ಬೆರಳುಗಳ ನಡುವೆ ಒಂದೊಂದು ಹೋಳಿಗೆಯೇ ಸುರುಳಿ ಸುತ್ತಿ ತೂರಿಸುವಷ್ಟು ಸಂದಿ ಇತ್ತು. ಆಕೆ ಒಂದು ಕೈ ತೆಗೆದಳು. ಆಮೇಲೆ ಇನ್ನೊಂದನ್ನೂ ಅರ್ಧ ಸರಿಸಿದಳು. ಕೊನೆಗೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಮೌನೇಶನ ಬೆನ್ನನ್ನೇ ನೋಡಿದಳು. ಅವನು ತಿರುಗಲಿಲ್ಲ. ಎಲೆಯ ಮೇಲೆ ಉಪ್ಪಿನಕಾಯಿ ಒಂದೇ ಇತ್ತು, ಬೀಗರು ಅದನ್ನು ಎಷ್ಟು ಸಲ ಅಂತ ನೆಕ್ಕಬೇಕು. ತಾವಾಗಿ ಕೇಳುವುದಂತೂ ಪ್ರಾಣ ಹೋದರೂ ಸಾಧ್ಯವಿಲ್ಲ.

ಪೆಂಡಾಲು ಹಾಕಿದ ಗುಲಾಮ್ ದಸ್ತಗೀರ್ ಸಂಜೆ ಸುದ್ದಿ ತಂದ. ಬೀಗರ ಬಸ್ಸು ದೇವದುರ್ಗದ ದಾರಿಯಲ್ಲಿ ಒಂದು ಮಿರ್ಚಿ ಬಜ್ಜಿಯ ಬಂಡಿಯ ಮುಂದೆ ನಿಂತಿದೆ, ಬಂಡಿಯವನು ಹಿಟ್ಟು ತೀರಿತೆಂದು ಕೈ ಮುಗಿಯುತ್ತಿದ್ದಾನೆ. ವಿರೂಪಣ್ಣ ಕುರ್ಚಿಯ ಮೇಲೆ ಕುಸಿದು ಕೂತರು. ಹತ್ತು ಹಳ್ಳಿಗೆ ಅಕ್ಕಿ ಕಳಿಸುವ ಮಿಲ್ಲಿನ ಮಾಲಕರ ಮನೆಯಿಂದ ಬೀಗರು ಹಸಿದು ಹೋದರು ಎನ್ನುವ ಮಾತು ಎರಡು ತಾಲ್ಲೂಕು ತಿರುಗಿತು. ಅನುರಾಧಾ ಅತ್ತೆಯ ಮನೆಯಿಂದ ಫೋನ್ ಮಾಡಿ ಅತ್ತಳು. ಊಟಕ್ಕೆ ಕೂತಾಗಲೆಲ್ಲ ಮುದುಕಮ್ಮ, "ಹೊಟ್ಟಿತುಂಬ ಉಣ್ಣವಾ, ಇದು ಮಾನ್ವಿ ಅಲ್ಲ" ಎನ್ನುತ್ತಿದ್ದಳಂತೆ.

ಮರುವಾರ ವಿರೂಪಣ್ಣ ಸುನಂದಾಳ ಮನೆಗೇ ಬಂದರು. ನಾನೂ ಅಲ್ಲಿದ್ದೆ.

"ನೋಡವಾ, ಶ್ರಾವಣದಾಗ ಬೀಗರನ್ನ ಮತ್ತ ಊಟಕ್ಕ ಕರೀತೀನಿ. ಹೋದ ಮರ್ಯಾದಿ ತರಬೇಕಾದ್ರ ಮೊದಲಿನ ಮೌನೇಶ ಬೇಕು. ಆ ಗುಳಿಗಿ ಸ್ವಲ್ಪ ದಿನ ಬಿಡಸು."

ಸುನಂದಾ ಬಾಯಿ ತೆರೆಯುವ ಮೊದಲೇ ಕಟ್ಟೆಯಿಂದ ಮೌನೇಶ ಹೇಳಿದ: "ಬಿಡ್ತೀನ್ರೀ ಸಾವ್ಕಾರ್ರ."

ಅಷ್ಟು ದಿನಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು. ನಾನು ರೇಗಿದೆ. ಎಲೆಗಳು ಮತ್ತೆ ಮಾತಾಡಿದರೆ ಏನು ಗತಿ ಎಂದೆ.

"ಆವಾಗ ಅಂಜಿಕಿ ಇತ್ರೀ ಅಕ್ಕಾರ, ಖರೆ. ಆದ್ರ ಬೇಕು ಅನಸತಿತ್ತು. ಈಗ ಅಂಜಿಕೀನೂ ಇಲ್ಲ, ಬೇಕೂ ಇಲ್ಲ. ಚೀಲ ಇದ್ದಂಗ ಇದ್ದೀನಿ. ತುಂಬತಾರ, ಹೊಲೀತಾರ, ಒಗೀತಾರ."

ಸುನಂದಾ ಒಳಗೆ ಹೋಗಿ ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಳು. "ಹೊಟ್ಟಿನ ರಾಶ್ಯಾಗ ನಾ ಅವರ್ನ ಇನ್ನೊಮ್ಮಿ ಹುಡುಕಲಾರೆ ಅಕ್ಕಾ" ಅಂದಳು. ಅವಳ ದನಿಯಲ್ಲಿ ಅಷ್ಟು ಭಯವನ್ನು ನಾನು ಎಂದೂ ಕೇಳಿರಲಿಲ್ಲ. ನಾನು ಹೊರಗೆ ಬಂದು, ಗುಳಿಗೆಯ ವಿಚಾರ ಡಾಕ್ಟರಮ್ಮನ ಮುಂದೆಯೇ ಆಗಲಿ, ಸಾವ್ಕಾರರು ಕಾರು ತೆಗೆಯಲಿ ಎಂದು ಅಪ್ಪಣೆ ಮಾಡಿದೆ. ನಾನು ಆ ದನಿಯಲ್ಲಿ ಹೇಳಿದರೆ ಮಿಲ್ ಮಾಲಕರೂ ಕಾರು ತೆಗೆಯುತ್ತಾರೆ.

ಡಾಕ್ಟರ್ ವಾಹಿದಾ ಒಳಗೆ ಬಂದ ನಮ್ಮ ದಂಡನ್ನು ನೋಡಿ ವಿರೂಪಣ್ಣನ ಕಡೆ ಬೆರಳು ಮಾಡಿದರು.

"ಇವರಿಗೇನು ತ್ರಾಸು?"

"ಹೋಳಿಗಿದ್ರೀ" ಅಂದರು ವಿರೂಪಣ್ಣ, ಪ್ರಾಮಾಣಿಕವಾಗಿ.

ಕಥೆಯೆಲ್ಲ ಕೇಳಿ ಡಾಕ್ಟರಮ್ಮ ಮೊದಲು ನಮಗೇ ಬೈದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರು. ಮೌನೇಶ, "ನೀವು ದನಿ ಕೇಳಸ್ತಾವೇನು ಅಂತ ಕೇಳಿದ್ರಿ, ಇಲ್ಲ ಅಂದೆ. ಮತ್ತೇನೂ ಕೇಳಲಿಲ್ರಿ" ಅಂದ. ಡಾಕ್ಟರಮ್ಮ "ಅದು ನನ್ನ ತಪ್ಪು" ಎಂದರು. ಡಾಕ್ಟರೊಬ್ಬರು ತಪ್ಪು ಒಪ್ಪಿಕೊಂಡದ್ದನ್ನು ನೋಡಿ ವಿರೂಪಣ್ಣ ನೆಟ್ಟಗೆ ಕೂತರು.

"ನೀವು ಕಾಳಿನ ಗಂಜ್ ಬಜಾರ ನೋಡೀರಿ" ಎಂದು ಡಾಕ್ಟರಮ್ಮ ಶುರು ಮಾಡಿದರು. "ಹರಾಜು ಕೂಗೋನು ಮಾಲಿನ ಮುಂದ ನಿಂತು ಕೂಗತಾನ. ನಮ್ಮ ತಲ್ಯಾಗೂ ಅಂಥದ್ದೊಂದು ಗಂಜ್ ಅದ. ಅಲ್ಲಿ ಕೂಗೋನ ಹೆಸರು ಡೋಪಮಿನ್. ಇದು ಬೇಕಾದದ್ದು, ಇದರ ಕಡೆ ನೋಡು, ಕೈ ಚಾಚು ಅಂತ ಹೇಳೋದು ಅವನ ಕೆಲಸ. ಚಹಾದ ವಾಸನಿ ಬಂದ್ರ ಕೂಗತಾನ, ಕೈ ಏಳತದ. ಈ ಬ್ಯಾನ್ಯಾಗ ಅವ ಹದ ತಪ್ಪಿ ಕೂಗಾಕ ಹತ್ತತಾನ. ಕಸಕ್ಕೂ ಕೂಗತಾನ, ಎಲಿ ಅಲುಗಿದ್ರೂ ಕೂಗತಾನ. ಅದಕ್ಕ ಇವರಿಗೆ ಉಪ್ಪಿನ್ಯಾಗೂ ಏನೋ ಸುದ್ದಿ ಕಂಡಿದ್ದು."

"ಮತ್ತ ಗುಳಿಗಿ?" ಎಂದಳು ಸುನಂದಾ.

"ಗುಳಿಗಿ, ಆ ಕೂಗು ಕೇಳೋರ ಕಿವ್ಯಾಗ ಹತ್ತಿ ಅರಳಿ ಇಡ್ತದ. ಕಸದ ಕೂಗು ಕೇಳೋದು ನಿಂತ್ತು, ಚಲೋ ಆತು. ಆದ್ರ ಅರಳಿ ಬಿಗಿ ಆದ್ರ ಹೋಳಿಗಿ ಸಲುವಾಗಿ ಕೂಗಿದ್ದೂ ಕೇಳಂಗಿಲ್ಲ. ನಾಲಗಿ ಸರಿ ಅದ, ರುಚಿ ಅದ. ಬೇಕು ಅನ್ನೋದಷ್ಟ ಬರಂಗಿಲ್ಲ. ಎಲ್ಲಾ ಗುಳಿಗಿದೇ ತಪ್ಪಲ್ಲ ಮತ್ತ, ಈ ಬ್ಯಾನಿನೂ ಬೇಕು ಅನ್ನೋದನ್ನ ತಿಂತದ."

"ಹಂಗಾದ್ರ ಆ ಅರಳಿ ತಗದ ಬಿಡ್ರಲ್ಲ" ಎಂದರು ವಿರೂಪಣ್ಣ.

"ಒಮ್ಮೆಲೆ ತಗದ್ರ ಕಸದ ಕೂಗೇ ಮೊದಲು ಬರೋದು. ಹೋಳಿಗಿದು ಬಂದೀತು ಅಂತ ನಾ ಮಾತು ಕೊಡಲಾರೆ."

ವಿರೂಪಣ್ಣ ವ್ಯಾಪಾರಸ್ಥರು, ಈ ಸರಕಿನಲ್ಲಿ ನಷ್ಟವೇ ಹೆಚ್ಚೆಂದು ಅವರಿಗೆ ತಕ್ಷಣ ಹೊಳೆಯಿತು. ಮತ್ತೆ ಗುಳಿಗೆ ಬಿಡುವ ಮಾತೆತ್ತಲಿಲ್ಲ. ಡಾಕ್ಟರಮ್ಮ ಹಳೆಯದನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಬೇರೊಂದು ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಏರಿಸುವುದೆಂದು ಹೇಳಿದರು. ಯಾವ ದನಿ ಕೇಳಿದರೂ ಅಂದೇ ಫೋನ್ ಮಾಡಬೇಕೆಂದರು. ಹೊರಡುವಾಗ ಮೌನೇಶನಿಗೆ ಹೇಳಿದರು: "ಬೇಕು ಅನಿಸಿದ ಮ್ಯಾಲೆ ಮಾಡ್ತೀನಿ ಅಂತ ಕುಂದರಬ್ಯಾಡ್ರಿ. ಕೈ ಮುಂದ ಹೋಗಲಿ. ಮನಸು ಹಿಂದಿನಿಂದ ಬಂದ್ರ ಬರಲಿ."

ಶ್ರಾವಣ ಬಂತು. ದನಿಗಳು ಬರಲಿಲ್ಲ. ಮೌನೇಶನ ಕಣ್ಣಿನ ಮಂಪರು ಕಡಿಮೆಯಾಗಿತ್ತು, ಆದರೆ ಬೇಕು ಎನ್ನುವುದರ ಸುಳಿವಿಲ್ಲ. ಬೀಗರ ಊಟದ ದಿನ ಬೇರೆ ಯಾರಿಗಾದರೂ ಬುಟ್ಟಿ ಕೊಡೋಣವೆಂದು ವಿರೂಪಣ್ಣ ಮೆಲ್ಲಗೆ ಹೇಳಿ ನೋಡಿದರು. ಸುನಂದಾ ಒಪ್ಪಲಿಲ್ಲ. ಅವಳಿಗೆ ಮಾತ್ರ ಗೊತ್ತಿದ್ದ ಸಂಗತಿಯನ್ನು ನನಗೆ ಆಗ ಹೇಳಿದಳು. ಈ ಸಲವೂ ಕೆಟ್ಟರೆ ಗುಳಿಗೆ ಬಿಡುತ್ತೇನೆ, ಡಾಕ್ಟರ ಮಾತನ್ನೂ ಕೇಳುವುದಿಲ್ಲ ಎಂದು ಮೌನೇಶ ಅವಳಿಗೆ ಹೇಳಿಬಿಟ್ಟಿದ್ದ. ಬುಟ್ಟಿ ಕೊಡದೇ ಇದ್ದರೂ ಅವನ ಲೆಕ್ಕಕ್ಕೆ ಕೆಟ್ಟ ಹಾಗೇ.

ಸುನಂದಾ ಗಂಡನಿಗೆ ಒಂದೇ ನಿಯಮ ಹೇಳಿಕೊಟ್ಟಿದ್ದಳು. ಬೆರಳು ನೋಡುವುದು ಬೇಡ, ಮಾತು ಕೇಳುವುದೂ ಬೇಡ. ಎಲೆಯ ಮುಂದೆ ನಿಲ್ಲಬೇಕು, ಹೋಳಿಗೆ ಎಲೆಗೆ ಬೀಳುವ ತನಕ ಕದಲಬಾರದು.

ಅವನು ಅದನ್ನೇ ಮಾಡಿದ. ಮುದುಕಮ್ಮ ಕೈ ಅಡ್ಡ ಹಿಡಿದಳು. ಮೌನೇಶ ತುಪ್ಪದಲ್ಲಿ ಅದ್ದಿದ ಹೋಳಿಗೆಯನ್ನು ಅವಳ ಕೈಯ ಮೇಲೆ ತೂಗುಹಾಕಿಕೊಂಡು ನಿಂತ. ಆಣೆ ಇಲ್ಲ, ಹಿರಿಯರ ಹೆಸರಿಲ್ಲ, ಮುಖದಲ್ಲಿ ನಗೆಯೂ ಇಲ್ಲ.

"ಬ್ಯಾಡಂದೆನಲ್ಲಪಾ."

ಅವನು ನಿಂತೇ ಇದ್ದ.

"ಏ, ಹೊಟ್ಟಿ ತುಂಬಿದ್ದದ."

ತುಪ್ಪ ಒಂದೊಂದೇ ಹನಿ ಅವಳ ಬೆರಳ ಮೇಲೆ ತೊಟ್ಟಿಕ್ಕತೊಡಗಿತು. ಪಂಕ್ತಿ ಪೂರಾ ಉಣ್ಣುವುದನ್ನು ಬಿಟ್ಟು ನೋಡುತ್ತಿತ್ತು. ಮುದುಕಮ್ಮನ ಜೀವಮಾನದಲ್ಲಿ ಬಾಯಿಯಿಂದ ಒತ್ತಾಯ ಮಾಡಿದವರು ಬಹಳ. ಅವರಿಗೆಲ್ಲ ಆಕೆ ಬಾಯಿಯಿಂದಲೇ ಉತ್ತರ ಕೊಟ್ಟಿದ್ದಳು. ಸುಮ್ಮನೆ ಕಂಬದ ಹಾಗೆ ನಿಂತವನಿಗೆ ಏನೆಂದು ಉತ್ತರ ಕೊಡುವುದು? ಕೈ ತೆಗೆದಳು. ಹೋಳಿಗೆ ಬಿತ್ತು. ಬೆರಳಿನ ತುಪ್ಪ ನೆಕ್ಕಿಕೊಳ್ಳುವಷ್ಟರಲ್ಲಿ ಇನ್ನೊಂದು ಬಿತ್ತು. ಆಮೇಲೆ ಪಂಕ್ತಿಯಲ್ಲಿ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಎದ್ದು ಕೈ ತೊಳೆಯಲು ಹೋದ ಬೀಗರೊಬ್ಬರನ್ನು ನಳದ ತನಕ ಹಿಂಬಾಲಿಸಿ, ಸೋಲಿಸಿ, ಕರೆತಂದು ಕೂರಿಸಿದ.

ಹೊರಡುವಾಗ ಮುದುಕಮ್ಮ ಗೋಡೆ ಹಿಡಿದುಕೊಂಡು ಎದ್ದಳು. "ವಿರೂಪಣ್ಣ, ಇಂಥ ಉಪಚಾರ ನಮ್ಮ ದೇವದುರ್ಗದಾಗ ಇಲ್ಲ ನೋಡು" ಅಂದಳು. ಸಾವ್ಕಾರರ ಕಣ್ಣಲ್ಲಿ ನೀರು ಬಂತು. ನನಗೆ ಸಮಾಧಾನವಾಯಿತು, ಆದರೆ ಪೂರ್ತಿ ಆಗಲಿಲ್ಲ. ಮೌನೇಶನ ಮುಖ ಹಾಗೇ ಇತ್ತು. ಗೆದ್ದದ್ದು ಅವನ ಕೈ, ಅವನಲ್ಲ.

ಕೊನೆಗೆ ಬಡಿಸಿದವರು ಊಟಕ್ಕೆ ಕೂತರು. ಮೌನೇಶನೂ ಕೂತ. ಸುನಂದಾ ಬುಟ್ಟಿ ಹಿಡಿದು ಬಂದು ಅವನಿಗೊಂದು ಹಾಕಿದಳು. ತಿಂದ. ಅಷ್ಟೂ ದಿನ ಅವಳು ಮತ್ತೊಂದು ಹಾಕಲೇನು ಎಂದಾಗಲೆಲ್ಲ ಬಂದದ್ದು ಒಂದೇ ಉತ್ತರ, ಹಾಕಿದರೆ ತಿನ್ನುತ್ತೇನೆ ಎಂದು. ಈಗಲೂ ಅದೇ ಬರುತ್ತದೆಂದು ಅವಳು ಕೇಳದೆಯೇ ಬಗ್ಗಿದಳು.

ಮೌನೇಶ ಎರಡೂ ಕೈ ಎತ್ತಿ ಎಲೆ ಮುಚ್ಚಿದ.

"ಸಾಕು" ಅಂದ. "ಬ್ಯಾಡ."

ಸುನಂದಾ ಹಾಗೇ ನಿಂತುಬಿಟ್ಟಳು. ನಾನು ಎದ್ದು ಹತ್ತಿರ ಹೋದೆ. ಅವನು ತಲೆ ಬಗ್ಗಿಸಿದ್ದ, ಕಣ್ಣು ಮಾತ್ರ ಓರೆಯಾಗಿ ಬುಟ್ಟಿಯ ಕಡೆ ಹೋಗಿ ಬಂತು. ಎಲೆಯ ಮೇಲಿನ ಬೆರಳುಗಳನ್ನು ನೋಡಿದೆ. ಚೀಲದ ದಾರ ಎಳೆದು ಎಳೆದು ಒರಟಾದ ಬೆರಳುಗಳು. ನಡುಬೆರಳಿಗೂ ಉಂಗುರದ ಬೆರಳಿಗೂ ನಡುವೆ ಅಗಲವಾಗಿ ಎಲೆ ಕಾಣುತ್ತಿತ್ತು.

"ಹಾಕವಾ" ಅಂದೆ ನಾನು. "ಸಂದಿ ಅದ."

ಸುನಂದಾ ಅಳುತ್ತಲೇ ಮೊದಲು ಅವನ ಮೇಲೆ ಆಣೆ ಇಟ್ಟಳು, ಆಮೇಲೆ ಅವನ ಸತ್ತ ಅಜ್ಜಿಯ ಹೆಸರು ತೆಗೆದಳು. ಅವನು ರೂಢಿಯಂತೆ ಮುಖ ಕಿವುಚಿ, ನಿನ್ನ ಸಲುವಾಗಿ ಒಂದೇ ಒಂದು ಅಂದು, ಎರಡು ತಿಂದ. ಕೈ ತೊಳೆದು ಬಂದು ಅವಳು ಕೊಟ್ಟ ಗುಳಿಗೆಯನ್ನೂ ನುಂಗಿದ. ಅದಕ್ಕೆ ಮಾತ್ರ ಅವಳು ಒತ್ತಾಯ ಮಾಡಬೇಕಾಗಲಿಲ್ಲ.